ಮಣ್ಣನ್ನು ಪ್ರಶ್ನಿಸಿದ ಅಧ್ಯಾಪಕ: ಕಾರ್ಲ್ ಟೆರ್ಜಾಗಿ ಅವರ ಜೀವನ

ಪ್ರತಿ ವರ್ಷ ಜೂನ್ ತಿಂಗಳು ಬಂತೆಂದರೆ ನಮ್ಮ ಗಡಿನಾಡಿನ ಕನ್ನಡ ಶಾಲೆಗಳ ಕಚೇರಿಯ ಮುಂದೆ ಕೆಲವು ಪೋಷಕರು ಟಿ.ಸಿ. ಕೇಳಲು ಬಂದು ನಿಲ್ಲುತ್ತಾರೆ. ಮಗು ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಚೆನ್ನಾಗಿಯೇ ಓದಿರುತ್ತದೆ. ಆದರೂ ಮುಂದೆ ಅದು ವಿಜ್ಞಾನ ಓದಬೇಕು, ಇಂಜಿನಿಯರ್ ಆಗಬೇಕು. ಕನ್ನಡ ಮಾಧ್ಯಮದಲ್ಲಿ ಅದು ಸಾಧ್ಯವೇ, ಸರಿಯಾದ ಪ್ರಯೋಗಾಲಯವೂ ಇಲ್ಲದ ಈ ಶಾಲೆಯಲ್ಲಿ ಅದು ಸಾಧ್ಯವೇ ಎಂಬ ಅಳುಕು ಅವರದು. ಈ ಅಳುಕನ್ನು ಅಧ್ಯಾಪಕನಾದ ನಾನು ಹಗುರವಾಗಿ ಕಾಣಲಾರೆ. ಅದು ಮಕ್ಕಳ ಮೇಲಿನ ಪ್ರೀತಿಯಿಂದಲೇ ಹುಟ್ಟಿದ ಅಳುಕು. ಆದರೆ ಅದಕ್ಕೆ ಉತ್ತರವಾಗಿ ಭಾಷಣ ಮಾಡುವುದಕ್ಕಿಂತ ಒಂದು ಜೀವನವನ್ನು ಮುಂದಿಡುವುದು ಮೇಲೆಂದು ನನಗೆ ತೋರುತ್ತದೆ. ಅದು ಕಾರ್ಲ್ ಟೆರ್ಜಾಗಿ ಅವರ ಜೀವನ.

ಇಂದು ಜಗತ್ತಿನ ಯಾವುದೇ ಮೂಲೆಯಲ್ಲಿ ಅಣೆಕಟ್ಟು, ಸೇತುವೆ, ಸುರಂಗ ಅಥವಾ ಬಹುಮಹಡಿ ಕಟ್ಟಡ ಕಟ್ಟುವ ಮುನ್ನ ಅಲ್ಲಿನ ಮಣ್ಣನ್ನು ತೆಗೆದು ಪರೀಕ್ಷಿಸುತ್ತಾರೆ. ಆ ಪರೀಕ್ಷೆಗಳ ಹಿಂದಿರುವ ಶಾಸ್ತ್ರಕ್ಕೆ ಸಾಯಿಲ್ ಮೆಕ್ಯಾನಿಕ್ಸ್, ಅಂದರೆ ಮಣ್ಣಿನ ಬಲವಿಜ್ಞಾನ ಎಂದು ಹೆಸರು. ಟೆರ್ಜಾಗಿ ಅವರನ್ನು ಆ ಶಾಸ್ತ್ರದ ಪಿತಾಮಹರೆಂದು ಲೋಕದ ಇಂಜಿನಿಯರುಗಳು ಗೌರವಿಸುತ್ತಾರೆ. ಈ ಶಾಸ್ತ್ರದ ಮೊದಲ ಪ್ರಯೋಗಗಳು ನಡೆದದ್ದು ದೊಡ್ಡ ಸಂಶೋಧನಾಲಯದಲ್ಲಲ್ಲ. ತಾಯ್ನಾಡಿನಿಂದ ದೂರ, ಯುದ್ಧದಲ್ಲಿ ಸೋತು ತತ್ತರಿಸಿದ ಒಂದು ನಗರದ ಕಾಲೇಜಿನಲ್ಲಿ, ಸಿಗಾರ್ ಪೆಟ್ಟಿಗೆಗಳನ್ನೂ ಜನ ಎಸೆದ ಸಾಮಾನುಗಳನ್ನೂ ಜೋಡಿಸಿ ಮಾಡಿಕೊಂಡ ಉಪಕರಣಗಳಲ್ಲಿ ಅವು ನಡೆದವು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಕಾರ್ಲ್ ಟೆರ್ಜಾಗಿ ಅವರು 1883ರ ಅಕ್ಟೋಬರ್ 2ರಂದು ಪ್ರಾಗ್ ನಗರದಲ್ಲಿ ಜನಿಸಿದರು. ಇಂದು ಚೆಕ್ ಗಣರಾಜ್ಯದ ರಾಜಧಾನಿಯಾಗಿರುವ ಆ ನಗರ ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿತ್ತು. ಹತ್ತಾರು ಭಾಷೆಗಳ ಜನ ಒಂದೇ ಆಡಳಿತದ ಕೆಳಗೆ ಬದುಕುತ್ತಿದ್ದ ಸಾಮ್ರಾಜ್ಯವದು. ತಂದೆ ಸೇನಾಧಿಕಾರಿ, ಮನೆಮಾತು ಜರ್ಮನ್. ತಂದೆ ನಿವೃತ್ತರಾದ ಮೇಲೆ ಕುಟುಂಬವು ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ನೆಲೆಸಿತು.

ಹತ್ತು ವರ್ಷದ ಬಾಲಕನನ್ನು ಸೈನಿಕ ವಸತಿಶಾಲೆಗೆ ಸೇರಿಸಲಾಯಿತು. ಆದರೆ ಅವರ ಮನಸ್ಸು ಒಲಿದದ್ದು ಕವಾಯತಿಗಲ್ಲ. ಭೂಗೋಳ, ಖಗೋಳ ಮತ್ತು ರೇಖಾಗಣಿತಗಳಿಗೆ. ಹದಿನೇಳನೆಯ ವಯಸ್ಸಿನಲ್ಲಿ ಶಾಲೆಯನ್ನು ಉತ್ತಮ ದರ್ಜೆಯಲ್ಲಿ ಮುಗಿಸಿ, 1900ರಲ್ಲಿ ಗ್ರಾಟ್ಸ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಲು ಸೇರಿದರು.

ಅಲ್ಲಿ ಅವರು ಆದರ್ಶ ವಿದ್ಯಾರ್ಥಿಯಾಗಿ ನಡೆದುಕೊಳ್ಳಲಿಲ್ಲ ಎಂಬುದನ್ನೂ ಹೇಳಬೇಕು. ಪುಂಡಾಟಗಳಲ್ಲಿ ತೊಡಗಿ ಕಾಲೇಜಿನಿಂದ ಹೊರಹಾಕಲ್ಪಡುವ ಹಂತಕ್ಕೂ ಬಂದಿದ್ದರು. ಆಗ ಅವರ ಪರವಾಗಿ ನಿಂತವರು ಬಲವಿಜ್ಞಾನದ ಪ್ರಾಧ್ಯಾಪಕ ಫರ್ಡಿನಾಂಡ್ ವಿಟ್ಟೆನ್‌ಬೌವರ್. ಹುಡುಗನ ತಂಟೆಯ ಹಿಂದಿದ್ದ ಬುದ್ಧಿಯನ್ನು ಅವರು ಗುರುತಿಸಿದ್ದರು. ಒಬ್ಬ ಗುರು ಅಂದು ತಾಳ್ಮೆ ತೋರದಿದ್ದರೆ ಒಂದು ಶಾಸ್ತ್ರದ ಇತಿಹಾಸವೇ ಬೇರೆಯಾಗುತ್ತಿತ್ತೋ ಏನೋ. 1904ರಲ್ಲಿ ಟೆರ್ಜಾಗಿ ಪದವಿ ಪಡೆದರು.

ಅನಂತರದ ಒಂದು ವರ್ಷ ಕಡ್ಡಾಯ ಸೇನಾಸೇವೆ. ಆ ವರ್ಷದ ಬಿಡುವಿನಲ್ಲಿ ಅವರು ಮಾಡಿದ ಕೆಲಸ ನಮ್ಮ ಗಮನಕ್ಕೆ ಅರ್ಹವಾಗಿದೆ. ಭೂವಿಜ್ಞಾನದ ಕ್ಷೇತ್ರಾಧ್ಯಯನವನ್ನು ಕುರಿತ ಒಂದು ಇಂಗ್ಲಿಷ್ ಕೈಪಿಡಿಯನ್ನು ಅವರು ಜರ್ಮನ್ ಭಾಷೆಗೆ ಅನುವಾದಿಸಿದರು. ಅನುವಾದಿಸಿದ್ದಷ್ಟೇ ಅಲ್ಲ, ಅದನ್ನು ಸಾಕಷ್ಟು ಹಿಗ್ಗಿಸಿ ಬರೆದರು. ಇಪ್ಪತ್ತೊಂದು, ಇಪ್ಪತ್ತೆರಡರ ತರುಣ ಪರಭಾಷೆಯ ವಿದ್ಯೆಯನ್ನು ತನ್ನ ಭಾಷೆಗೆ ತರುವ ಮೂಲಕವೇ ಆ ವಿದ್ಯೆಯನ್ನು ಕರಗತ ಮಾಡಿಕೊಂಡ. ಮಾತೃಭಾಷೆಯಲ್ಲಿ ವಿವರಿಸಿ ಬರೆಯಬಲ್ಲ ವಿಷಯವೇ ನಿಜವಾಗಿ ಅರ್ಥವಾದ ವಿಷಯ ಎಂಬುದು ತರಗತಿಯಲ್ಲಿ ದಿನವೂ ನಮ್ಮ ಅನುಭವಕ್ಕೆ ಬರುವ ಸತ್ಯ. ಸೇನಾಸೇವೆ ಮುಗಿದ ಮೇಲೆ ಮತ್ತೆ ಒಂದು ವರ್ಷ ಭೂವಿಜ್ಞಾನವನ್ನೂ ರಸ್ತೆ, ರೈಲುಮಾರ್ಗಗಳ ನಿರ್ಮಾಣವಿದ್ಯೆಯನ್ನೂ ಓದಿ ಅವರು ಸಿವಿಲ್ ಇಂಜಿನಿಯರಿಂಗ್ ಕಡೆಗೆ ಹೊರಳಿದರು.

ಜಲವಿದ್ಯುತ್ ಕಾಮಗಾರಿಗಳಲ್ಲಿ ಹುಟ್ಟಿದ ಪ್ರಶ್ನೆ

ಮೊದಲ ಉದ್ಯೋಗ ವಿಯೆನ್ನಾದ ಒಂದು ನಿರ್ಮಾಣ ಸಂಸ್ಥೆಯಲ್ಲಿ. ಆ ಕಾಲಕ್ಕೆ ಜಲವಿದ್ಯುತ್ ಹೊಸದಾಗಿ ಬೆಳೆಯುತ್ತಿದ್ದ ಶಕ್ತಿಮೂಲ. ನದಿಗೆ ಅಡ್ಡಗಟ್ಟಿ, ನೀರನ್ನು ಎತ್ತರದಿಂದ ಧುಮುಕಿಸಿ ವಿದ್ಯುತ್ ಪಡೆಯುವ ಯೋಜನೆಗಳು ಯುರೋಪಿನ ಎಲ್ಲೆಡೆ ತಲೆಯೆತ್ತುತ್ತಿದ್ದವು. ಟೆರ್ಜಾಗಿ ಕ್ರೊಯೇಷಿಯಾದ ಸುಣ್ಣಕಲ್ಲಿನ ಬೆಟ್ಟಪ್ರದೇಶದಲ್ಲಿ ಜಲವಿದ್ಯುತ್ ಯೋಜನೆಯ ಕೆಲಸದಲ್ಲಿ ತೊಡಗಿದರು, ಬಳಿಕ ರಷ್ಯಾದಲ್ಲಿಯೂ ದುಡಿದರು. 1912ರಲ್ಲಿ ಗ್ರಾಟ್ಸ್‌ನಿಂದ ಡಾಕ್ಟರೇಟ್ ಪಡೆದರು.

ಈ ವರ್ಷಗಳಲ್ಲಿ ಒಂದು ಸಂಗತಿ ಅವರನ್ನು ಕಾಡತೊಡಗಿತು. ಉಕ್ಕಿನ ತೊಲೆ ಎಷ್ಟು ಭಾರ ತಾಳುತ್ತದೆ, ಕಾಂಕ್ರೀಟ್ ಕಂಬ ಎಲ್ಲಿ ಬಿರಿಯುತ್ತದೆ ಎಂಬುದನ್ನು ಇಂಜಿನಿಯರುಗಳು ಲೆಕ್ಕ ಹಾಕಿ ಹೇಳಬಲ್ಲವರಾಗಿದ್ದರು. ಆದರೆ ಆ ಕಂಬವನ್ನು ಹೊತ್ತು ನಿಲ್ಲುವ ಮಣ್ಣಿನ ವಿಷಯದಲ್ಲಿ ಅವರಿಗೆ ಇದ್ದದ್ದು ಊಹೆ ಮತ್ತು ವಾಡಿಕೆ ಮಾತ್ರ. ಗಟ್ಟಿಯೆಂದು ನಂಬಿದ ನೆಲ ಕುಸಿಯುತ್ತಿತ್ತು. ಕಟ್ಟು ಭದ್ರವಾಗಿದ್ದರೂ ಅದರ ಅಡಿಯಿಂದ ನೀರು ನುಸುಳಿ ಮಣ್ಣನ್ನು ಕೊರೆದುಕೊಂಡು ಹೋಗುತ್ತಿತ್ತು. ಮೇಲಿನದೆಲ್ಲ ಶಾಸ್ತ್ರ, ಕೆಳಗಿನದೆಲ್ಲ ಅದೃಷ್ಟ ಎಂಬಂತಿತ್ತು ಪರಿಸ್ಥಿತಿ.

ಭೂವಿಜ್ಞಾನದಲ್ಲಿ ಇದಕ್ಕೆ ಉತ್ತರ ಸಿಗಬಹುದೆಂದು ಅವರು ಭಾವಿಸಿದರು. 1912ರಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿನ ಪಶ್ಚಿಮ ಭಾಗದ ದೊಡ್ಡ ಅಣೆಕಟ್ಟುಗಳ ಕಾಮಗಾರಿಗಳನ್ನು ಸುತ್ತಿ ನೋಡಿದರು. ಎಲ್ಲಿ ಎಂಥ ನೆಲವಿತ್ತು, ಅಲ್ಲಿ ಕಟ್ಟಿದ್ದು ಹೇಗೆ ನಿಂತಿತು ಎಂಬ ವಿವರಗಳನ್ನು ಕಲೆಹಾಕಿದರೆ ನಿಯಮವೊಂದು ಹೊರಬೀಳಬಹುದೆಂಬ ಆಸೆ. ಆದರೆ 1913ರ ಕೊನೆಗೆ ಅವರು ನಿರಾಶರಾಗಿ ಹಿಂದಿರುಗಿದರು. ಕಾರಣ ಸರಳವಾಗಿತ್ತು. ಎಲ್ಲರೂ ಮರಳು, ಜೇಡಿ, ಗರಸು ಎಂದು ಹೆಸರು ಬರೆದಿಟ್ಟಿದ್ದರೇ ಹೊರತು ಆ ಮಣ್ಣಿನ ಗುಣವನ್ನು ಅಳೆದಿರಲಿಲ್ಲ. ಒಂದೇ ಹೆಸರಿನ ಎರಡು ಮಣ್ಣುಗಳು ಎರಡು ಬಗೆಯಾಗಿ ವರ್ತಿಸುತ್ತಿದ್ದವು. ಹೆಸರು ತಿಳಿದ ಮಾತ್ರಕ್ಕೆ ವಸ್ತು ತಿಳಿದಂತಾಗುವುದಿಲ್ಲ ಎಂಬ ಪಾಠವನ್ನು ಅವರು ಆ ಸೋಲಿನಿಂದ ಕಲಿತರು. ಮುಂದಿನ ಐವತ್ತು ವರ್ಷಗಳ ಕೆಲಸಕ್ಕೆ ಆ ಪಾಠವೇ ಬುನಾದಿಯಾಯಿತು.

ಇಸ್ತಾಂಬುಲಿನ ಪ್ರಯೋಗಾಲಯ

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಟೆರ್ಜಾಗಿ ಇಂಜಿನಿಯರ್ ಪಡೆಯ ಅಧಿಕಾರಿಯಾಗಿ ಸರ್ಬಿಯಾದ ರಣರಂಗವನ್ನು ಕಂಡರು. 1916ರಲ್ಲಿ ಅವರಿಗೆ ತುರ್ಕಿಯ ಇಸ್ತಾಂಬುಲಿನ ಇಂಜಿನಿಯರಿಂಗ್ ವಿದ್ಯಾಲಯದಲ್ಲಿ ಅಧ್ಯಾಪಕ ಹುದ್ದೆ ದೊರೆಯಿತು. ಆಗ ತುರ್ಕಿಯು ಯುದ್ಧದಲ್ಲಿ ಆಸ್ಟ್ರಿಯಾದ ಮಿತ್ರರಾಷ್ಟ್ರ. ಅಲ್ಲಿ ಅವರು ಪಾಠ ಹೇಳಿದ್ದು ಫ್ರೆಂಚ್ ಭಾಷೆಯಲ್ಲಿ. 1918ರಲ್ಲಿ ಯುದ್ಧದಲ್ಲಿ ಸೋಲಾಯಿತು, ಹುದ್ದೆಯೂ ಹೋಯಿತು. ಹುಟ್ಟಿ ಬೆಳೆದ ಸಾಮ್ರಾಜ್ಯವೇ ಭೂಪಟದಿಂದ ಅಳಿಸಿಹೋಯಿತು. ಆಗ ಅವರಿಗೆ ಆಸರೆಯಾದದ್ದು ಅದೇ ನಗರದಲ್ಲಿ ಅಮೆರಿಕನ್ನರು ನಡೆಸುತ್ತಿದ್ದ ರಾಬರ್ಟ್ ಕಾಲೇಜು. ಅಲ್ಲಿ ಇಂಗ್ಲಿಷಿನಲ್ಲಿ ಪಾಠ ಹೇಳಬೇಕಿತ್ತು. ಅದನ್ನೂ ಅವರು ಕಲಿತು ಹೇಳಿದರು.

ಮಣ್ಣಿನ ಪ್ರಯೋಗಕ್ಕೆ ಬೇಕಾದ ಉಪಕರಣಗಳು ಅಲ್ಲಿರಲಿಲ್ಲ. ಅಸಲಿಗೆ ಅಂಥ ಉಪಕರಣಗಳು ಆಗ ಜಗತ್ತಿನಲ್ಲೇ ವಿರಳ, ಏಕೆಂದರೆ ಅವುಗಳ ಅಗತ್ಯವನ್ನು ಅದುವರೆಗೆ ಕಂಡವರು ಕಡಿಮೆ. ಟೆರ್ಜಾಗಿ ತಾವು ಮಾಡಬೇಕಾದ ಪ್ರಯೋಗಗಳ ಪಟ್ಟಿಯನ್ನು ಕಾಗದದ ಮೇಲೆ ಇಳಿಸಿಕೊಂಡರು. ಸಿಗಾರ್ ಪೆಟ್ಟಿಗೆಗಳನ್ನೂ ಕಾಲೇಜಿನ ಕಸದ ರಾಶಿಯಲ್ಲಿ ಸಿಕ್ಕ ತುಂಡುಗಳನ್ನೂ ಆಯ್ದು ತಂದು ಉಪಕರಣ ಕಟ್ಟಿದರು.

ಮೊದಲು ಅವರು ಎತ್ತಿಕೊಂಡದ್ದು ತಡೆಗೋಡೆಯ ಸಮಸ್ಯೆಯನ್ನು. ಗುಡ್ಡ ಕಡಿದು ಕಟ್ಟಿದ ಗೋಡೆಯ ಮೇಲೆ ಹಿಂದಿನ ಮಣ್ಣು ಎಷ್ಟು ಬಲದಿಂದ ಒತ್ತುತ್ತದೆ? ಫ್ರಾನ್ಸಿನ ಕೂಲಂಬ್ 1776ರಲ್ಲಿ, ಸ್ಕಾಟ್ಲೆಂಡಿನ ರ್‍ಯಾಂಕಿನ್ 1857ರಲ್ಲಿ ಇದಕ್ಕೆ ಸೂತ್ರ ಕೊಟ್ಟಿದ್ದರು. ಎಲ್ಲರೂ ಆ ಸೂತ್ರಗಳನ್ನು ನಂಬಿ ನಡೆದಿದ್ದರು. ಟೆರ್ಜಾಗಿ ಪೆಟ್ಟಿಗೆಯಲ್ಲಿ ಮರಳು ತುಂಬಿ ಅಳೆದು ನೋಡಿದರು. ಗೋಡೆ ಒಂದಿಷ್ಟೂ ಕದಲದೆ ನಿಂತರೆ ಒತ್ತಡ ಹೆಚ್ಚು. ಗೋಡೆ ಕೂದಲೆಳೆಯಷ್ಟು ಹೊರಗೆ ಸರಿದರೂ ಒತ್ತಡ ಗಣನೀಯವಾಗಿ ಇಳಿಯುತ್ತದೆ ಎಂಬುದು ಕಂಡುಬಂತು. ಅಂದರೆ ಮಣ್ಣಿನ ಒತ್ತಡಕ್ಕೆ ಒಂದೇ ಸ್ಥಿರ ಸಂಖ್ಯೆ ಇಲ್ಲ, ಅದು ಗೋಡೆಯ ಚಲನೆಯನ್ನು ಅವಲಂಬಿಸಿದೆ. ಈ ಫಲಿತಾಂಶವು 1920ರಲ್ಲಿ ಅಮೆರಿಕದ ಇಂಜಿನಿಯರಿಂಗ್ ಪತ್ರಿಕೆಯಲ್ಲಿ ಪ್ರಕಟವಾಗಿ ಬಲ್ಲವರ ಗಮನ ಸೆಳೆಯಿತು.

ಮುಂದಿನ ಸಮಸ್ಯೆ ಇನ್ನೂ ಕಠಿನವಾದದ್ದು. ಜೇಡಿಮಣ್ಣಿನ ಮೇಲೆ ಕಟ್ಟಿದ ಕಟ್ಟಡ ಕಟ್ಟಿದ ದಿನವೇ ಇಳಿಯುವುದಿಲ್ಲ. ವರ್ಷಗಟ್ಟಲೆ, ಕೆಲವೊಮ್ಮೆ ದಶಕಗಟ್ಟಲೆ ನಿಧಾನವಾಗಿ ಇಳಿಯುತ್ತ ಹೋಗುತ್ತದೆ. ಏಕೆ?

ಇದನ್ನು ನಮ್ಮ ಮನೆಯ ಅಡುಗೆಕೋಣೆಯಲ್ಲೇ ಕಾಣಬಹುದು. ಶ್ರೀಖಂಡಕ್ಕಾಗಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಅದರ ಮೇಲೆ ಭಾರ ಇಡುತ್ತೇವೆ. ಭಾರ ಇಟ್ಟ ಕೂಡಲೇ ಮೊಸರು ಗಟ್ಟಿಯಾಗುವುದಿಲ್ಲ. ಮೊದಲು ಆ ಭಾರವನ್ನು ಹೊರುವುದು ಒಳಗಿನ ನೀರು. ನೀರು ಹನಿಹನಿಯಾಗಿ ಹೊರಬಂದಂತೆಲ್ಲ ಭಾರ ಮೊಸರಿನ ಮೇಲೆ ಬೀಳುತ್ತದೆ, ಅದು ಗಟ್ಟಿಯಾಗುತ್ತದೆ. ಜೇಡಿಮಣ್ಣಿನಲ್ಲಿ ನಡೆಯುವುದೂ ಇದೇ. ಮಣ್ಣಿನ ಕಣಗಳ ನಡುವಿನ ಸೂಕ್ಷ್ಮ ರಂಧ್ರಗಳಲ್ಲಿ ನೀರಿರುತ್ತದೆ. ಮೇಲೆ ಕಟ್ಟಡ ಬಂದಾಗ ಮೊದಲು ಆ ನೀರೇ ಭಾರ ಹೊರುತ್ತದೆ. ಮರಳಿನಲ್ಲಿ ನೀರು ಸರಾಗವಾಗಿ ಹರಿದುಹೋಗುತ್ತದೆ, ಆದ್ದರಿಂದ ಇಳಿತ ಬೇಗನೆ ಮುಗಿಯುತ್ತದೆ. ಜೇಡಿಯಲ್ಲಿ ದಾರಿಗಳು ತೀರ ಕಿರಿದು, ಆದ್ದರಿಂದ ನೀರು ಹೊರಬರಲು ವರ್ಷಗಳೇ ಬೇಕು.

ಮಣ್ಣಿನ ಬಿಲ್ಲೆಯೊಂದನ್ನು ಲೋಹದ ಉಂಗುರದೊಳಗಿಟ್ಟು, ಮೇಲೆ ಭಾರ ಹೇರಿ, ಅದು ಗಂಟೆಗಂಟೆಗೆ ಎಷ್ಟು ಇಳಿಯಿತೆಂದು ಅವರು ಅಳೆದರು. ನೀರು ಹೊರಬೀಳುವ ಈ ಕ್ರಮವನ್ನು ವಿವರಿಸಲು, ಬಿಸಿವಸ್ತುವಿನಲ್ಲಿ ಶಾಖ ಹರಡುವುದನ್ನು ಹೇಳುವ ಗಣಿತ ಸಮೀಕರಣವೇ ಹೊಂದುತ್ತದೆಂದು ಕಂಡುಕೊಂಡರು. 1923ರಲ್ಲಿ ಅದನ್ನು ಪ್ರಕಟಿಸಿದರು. ಅದರಿಂದ ಹೊರಟ ಒಂದು ಫಲ ಶಾಲಾಮಕ್ಕಳಿಗೂ ಅರ್ಥವಾಗುವಂಥದ್ದು: ಜೇಡಿಯ ಪದರದ ದಪ್ಪ ಎರಡು ಪಟ್ಟಾದರೆ ಇಳಿತಕ್ಕೆ ಬೇಕಾದ ಕಾಲ ನಾಲ್ಕು ಪಟ್ಟು, ದಪ್ಪ ಮೂರು ಪಟ್ಟಾದರೆ ಕಾಲ ಒಂಬತ್ತು ಪಟ್ಟು. ಹೀಗಾಗಿ ಅಂಗೈಯಗಲದ ಮಣ್ಣನ್ನು ಕೆಲವು ದಿನ ಪರೀಕ್ಷಿಸಿ, ದೊಡ್ಡ ಕಟ್ಟಡವೊಂದು ಮುಂದಿನ ಮೂವತ್ತು ವರ್ಷಗಳಲ್ಲಿ ಹೇಗೆ ಇಳಿದೀತೆಂದು ಅಂದಾಜಿಸುವುದು ಮೊದಲ ಬಾರಿಗೆ ಸಾಧ್ಯವಾಯಿತು. ಇಂದಿಗೂ ನಮ್ಮ ದೇಶದ ಸಿವಿಲ್ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಈ ಪರೀಕ್ಷೆಯನ್ನು ಮಾಡುತ್ತಾರೆ.

ಗುಡ್ಡ ಕುಸಿಯುವುದೇಕೆ

ಇದೇ ಪ್ರಯೋಗಗಳಿಂದ ಅವರ ಅತಿ ಮುಖ್ಯ ಸಿದ್ಧಾಂತ ಮೂಡಿತು. ಮಣ್ಣಿನ ಬಲವನ್ನು ನಿರ್ಧರಿಸುವುದು ಅದರ ಮೇಲಿರುವ ಒಟ್ಟು ಒತ್ತಡವಲ್ಲ. ಒಟ್ಟು ಒತ್ತಡದಲ್ಲಿ ರಂಧ್ರಗಳ ನೀರಿನ ಒತ್ತಡವನ್ನು ಕಳೆದು ಉಳಿಯುವ ಭಾಗ. ಕಣಗಳು ಪರಸ್ಪರ ಒತ್ತಿ ಹಿಡಿದಿರುವುದು ಆ ಉಳಿದ ಭಾಗದ ಬಲದಿಂದಲೇ. ಇದನ್ನು ಪರಿಣಾಮಕ ಒತ್ತಡ ಎನ್ನಬಹುದು.

ಉದಾಹರಣೆಗೆ, ಗುಡ್ಡದ ಒಳಗೆ ಒಂದು ಕಡೆ ಒಟ್ಟು ಒತ್ತಡ 100 ಮಾನವಿದೆ, ನೀರಿನ ಒತ್ತಡ 40 ಇದೆ ಎಂದುಕೊಳ್ಳೋಣ. ಕಣಗಳನ್ನು ಹಿಡಿದಿರುವ ಒತ್ತಡ 60. ಎಡೆಬಿಡದೆ ಮಳೆ ಸುರಿದು ನೀರಿನ ಒತ್ತಡ 80ಕ್ಕೆ ಏರಿದರೆ ಉಳಿಯುವುದು 20 ಮಾತ್ರ. ಗುಡ್ಡದ ಆಕಾರ ಅದೇ ಇದೆ, ಮರಗಿಡಗಳು ಅಲ್ಲೇ ಇವೆ. ಆದರೆ ಒಳಗಿನ ಹಿಡಿತ ಮೂರರಲ್ಲಿ ಒಂದು ಪಾಲಿಗೆ ಇಳಿದಿದೆ. ಒಂದು ಹಂತದಲ್ಲಿ ಇಳಿಜಾರು ತನ್ನ ಭಾರವನ್ನು ತಾನೇ ತಡೆಯಲಾರದೆ ಜಾರುತ್ತದೆ.

ವಯನಾಡಿನ ನಮ್ಮ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಏನಾಯಿತೆಂಬುದನ್ನು ಅವರು ಕಂಡವರು. ನೀಲಗಿರಿಯ ಹಳ್ಳಿಗಳೂ ಮಳೆಗಾಲದ ರಾತ್ರಿಗಳ ಈ ಭಯವನ್ನು ಬಲ್ಲವು. ಮಳೆ ನೀರು ಇಂಗಿದಾಗ ಗುಡ್ಡ ಕೇವಲ ಭಾರವಾಗುವುದರಿಂದ ಕುಸಿಯುವುದಿಲ್ಲ, ಒಳಗಿನ ಕಣಗಳ ಹಿಡಿತ ಸಡಿಲವಾಗುವುದರಿಂದ ಕುಸಿಯುತ್ತದೆ ಎಂಬ ಈ ತಿಳಿವು ನೂರು ವರ್ಷಗಳ ಹಿಂದೆ ಇಸ್ತಾಂಬುಲಿನ ಆ ಬಡ ಪ್ರಯೋಗಾಲಯದಲ್ಲಿ ರೂಪು ತಳೆಯಿತು. ಇಳಿಜಾರಿನ ನೀರನ್ನು ಹೊರಹರಿಸಲು ಕಾಲುವೆ, ಕೊಳವೆಗಳನ್ನು ಇಡುವುದು, ತಡೆಗೋಡೆಯಲ್ಲಿ ನೀರು ಹೊರಬರಲು ರಂಧ್ರಗಳನ್ನು ಬಿಡುವುದು ಈ ತಿಳಿವಿಗೆ ಒಪ್ಪುವ ಕ್ರಮಗಳೇ. ನಿಮ್ಮೂರಿನ ರಸ್ತೆಬದಿಯ ತಡೆಗೋಡೆಯಲ್ಲಿ ಆ ರಂಧ್ರಗಳು ಇವೆಯೇ, ಇದ್ದರೆ ಮುಚ್ಚಿಹೋಗಿವೆಯೇ ಎಂದು ಮಕ್ಕಳೊಡನೆ ಹೋಗಿ ಒಮ್ಮೆ ನೋಡಿರಿ. ಅದೂ ಒಂದು ವಿಜ್ಞಾನ ಪಾಠವೇ.

ಕೀರ್ತಿ ಮತ್ತು ಕಹಿ

1925ರಲ್ಲಿ ಟೆರ್ಜಾಗಿ ತಮ್ಮ ಸಂಶೋಧನೆಯನ್ನೆಲ್ಲ ಒಂದುಗೂಡಿಸಿ ಗ್ರಂಥವಾಗಿ ಪ್ರಕಟಿಸಿದರು. ಹೆಸರು ಎರ್ಡ್‌ಬೌಮೆಖಾನಿಕ್. ದಿನವೂ ಫ್ರೆಂಚ್, ಬಳಿಕ ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ರೂಪುಗೊಂಡ ಆ ಗ್ರಂಥವನ್ನು ಅವರು ಬರೆದದ್ದು ತಮ್ಮ ಮನೆಮಾತಾದ ಜರ್ಮನ್‌ನಲ್ಲಿ. ಅದೇ ವರ್ಷ ಅದರ ಸಾರವನ್ನು ಇಂಗ್ಲಿಷಿನ ಲೇಖನಮಾಲೆಯಾಗಿ ಅಮೆರಿಕದ ಪತ್ರಿಕೆಗೂ ಕೊಟ್ಟರು. ಅಮೆರಿಕದ ಹೆಸರಾಂತ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆ ಅವರನ್ನು ಅಧ್ಯಾಪಕರಾಗಿ ಬರಮಾಡಿಕೊಂಡಿತು. ಅಲ್ಲಿ ಅವರಿಗೆ ಸಹಾಯಕರಾಗಿ ಒದಗಿದ ತರುಣ ಆರ್ಥರ್ ಕಾಸಗ್ರಾಂಡೆ ಮುಂದೆ ತಾವೂ ಈ ಶಾಸ್ತ್ರದ ಹಿರಿಯರಲ್ಲಿ ಒಬ್ಬರಾದರು. ಭೂವಿಜ್ಞಾನಿ ರೂತ್ ಡಾಗೆಟ್ ಅವರನ್ನು ಟೆರ್ಜಾಗಿ ವರಿಸಿದರು; ಆಕೆ ಬಾಳಸಂಗಾತಿಯಷ್ಟೇ ಅಲ್ಲ, ಕೆಲಸದ ಸಂಗಾತಿಯೂ ಆದರು.

1929ರಲ್ಲಿ ವಿಯೆನ್ನಾದ ತಾಂತ್ರಿಕ ವಿದ್ಯಾಲಯದ ಪ್ರಾಧ್ಯಾಪಕರಾಗಿ ಅವರು ತಾಯ್ನಾಡಿಗೆ ಹಿಂದಿರುಗಿದರು. ಆ ಕಾಲದ ಒಂದು ಘಟನೆ ಅವರ ಬಾಳಿನ ಅತ್ಯಂತ ಕಹಿಯಾದ ಅಧ್ಯಾಯ. ಅದೇ ವಿದ್ಯಾಲಯದಲ್ಲಿ ಬಲವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಪಾಲ್ ಫಿಲ್ಲುಂಗರ್ ಅವರು ಟೆರ್ಜಾಗಿಯವರ ಸಿದ್ಧಾಂತವನ್ನು ಒಪ್ಪಲಿಲ್ಲ. ಭಿನ್ನಾಭಿಪ್ರಾಯ ವಾಗ್ವಾದವಾಯಿತು, ವಾಗ್ವಾದ ವೈಯಕ್ತಿಕ ನಿಂದೆಯಾಯಿತು. 1936ರ ಕೊನೆಯಲ್ಲಿ ಫಿಲ್ಲುಂಗರ್ ಕಟುವಾದ ಪುಸ್ತಿಕೆಯೊಂದನ್ನು ಹೊರತಂದರು. ವಿದ್ಯಾಲಯ ವಿಚಾರಣೆ ನಡೆಸಿತು. ತೀರ್ಮಾನ ಟೆರ್ಜಾಗಿಯವರ ಪರವಾಗಿ ಬಂತು. 1937ರಲ್ಲಿ ಫಿಲ್ಲುಂಗರ್ ದಂಪತಿಗಳು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ರಂಧ್ರಗಳುಳ್ಳ ವಸ್ತುಗಳ ಬಲವಿಜ್ಞಾನಕ್ಕೆ ಫಿಲ್ಲುಂಗರ್ ಕೊಟ್ಟ ಕೊಡುಗೆಯೂ ಮೌಲ್ಯದ್ದೆಂದು ನಂತರದ ವಿದ್ವಾಂಸರು ಗುರುತಿಸಿದ್ದಾರೆ. ಮನುಷ್ಯರ ನಡುವಿನ ಮಾತು ಕಡಿದುಹೋದರೆ ವಿದ್ಯೆಯೂ ಅವರನ್ನು ಕಾಯಲಾರದು ಎಂಬುದಕ್ಕೆ ಈ ದುರಂತ ಸಾಕ್ಷಿಯಾಗಿ ಉಳಿದಿದೆ.

ಅದಕ್ಕೂ ಮುಂಚೆ, 1936ರ ಜೂನ್‌ನಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಬಲವಿಜ್ಞಾನದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ಅದರ ಸಂಘಟನೆಯ ಹೊಣೆ ಹೊತ್ತವರು ಕಾಸಗ್ರಾಂಡೆ. ಅಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಂಘಕ್ಕೆ ಟೆರ್ಜಾಗಿ ಮೊದಲ ಅಧ್ಯಕ್ಷರಾದರು. 1957ರವರೆಗೆ ಆ ಸ್ಥಾನದಲ್ಲಿದ್ದರು. ನಾನಾ ದೇಶಗಳಲ್ಲಿ ಬಿಡಿಬಿಡಿಯಾಗಿ ದುಡಿಯುತ್ತಿದ್ದವರು ತಮ್ಮ ಅಳತೆಗಳನ್ನು ಪರಸ್ಪರ ಹಂಚಿಕೊಳ್ಳುವ ವೇದಿಕೆ ಹೀಗೆ ಸಿದ್ಧವಾಯಿತು. 1938ರಲ್ಲಿ, ಆಸ್ಟ್ರಿಯಾವನ್ನು ಹಿಟ್ಲರನ ಜರ್ಮನಿ ನುಂಗಿಕೊಂಡ ವರ್ಷ, ಅವರು ಅಮೆರಿಕಕ್ಕೆ ತೆರಳಿ ಹಾರ್ವರ್ಡ್ ಸೇರಿದರು. 1943ರಲ್ಲಿ ಅಲ್ಲಿನ ಪೌರತ್ವ ಪಡೆದರು.

ಅಣೆಕಟ್ಟುಗಳ ಅಡಿಯಲ್ಲಿ

ಷಿಕಾಗೊ ನಗರದಲ್ಲಿ ಮೆತ್ತನೆಯ ಜೇಡಿಯೊಳಗೆ ಸುರಂಗ ರೈಲುಮಾರ್ಗ ಕೊರೆಯುವಾಗ ಟೆರ್ಜಾಗಿ ಸಲಹೆಗಾರರಾಗಿದ್ದರು. ಸುರಂಗ ಮುಂದುವರಿದಂತೆ ಜೇಡಿ ಎಷ್ಟು ಒಳಸರಿಯುತ್ತದೆ, ಮೇಲಿನ ಬೀದಿ ಎಷ್ಟು ಇಳಿಯುತ್ತದೆ ಎಂದು ದಿನವೂ ಅಳೆಯಲು ಅವರು ರಾಲ್ಫ್ ಪೆಕ್ ಎಂಬ ತರುಣನನ್ನು ನೇಮಿಸಿದರು. ಆ ಗುರುಶಿಷ್ಯರು ಸೇರಿ 1948ರಲ್ಲಿ ಬರೆದ ಪಠ್ಯಪುಸ್ತಕವನ್ನು ತಲೆಮಾರುಗಳ ಇಂಜಿನಿಯರುಗಳು ಓದಿದ್ದಾರೆ. ಅದಕ್ಕೂ ಮೊದಲು 1943ರಲ್ಲಿ ಟೆರ್ಜಾಗಿ ತಮ್ಮ ಸೈದ್ಧಾಂತಿಕ ಗ್ರಂಥವನ್ನು ಇಂಗ್ಲಿಷಿನಲ್ಲಿ ಹೊರತಂದಿದ್ದರು. ಆಗ ಅವರಿಗೆ ಅರವತ್ತರ ಹತ್ತಿರ ವಯಸ್ಸು.

ಸಿದ್ಧಾಂತ ಕೊಟ್ಟವರೇ ಸಿದ್ಧಾಂತವನ್ನು ಕುರುಡಾಗಿ ನಂಬಬಾರದೆಂದು ಎಚ್ಚರಿಸಿದ್ದು ಅವರ ವಿಶೇಷ. ಮೊದಲು ನೆಲವನ್ನು ಪರೀಕ್ಷಿಸಬೇಕು, ಅದು ಹೇಗೆ ವರ್ತಿಸೀತೆಂದು ಲೆಕ್ಕ ಹಾಕಬೇಕು, ಕಟ್ಟುತ್ತ ಅಳೆಯಬೇಕು, ಅಳತೆ ಲೆಕ್ಕಕ್ಕೆ ಹೊಂದದಿದ್ದರೆ ಲೆಕ್ಕವನ್ನು ತಿದ್ದಿ ಕಾಮಗಾರಿಯನ್ನು ಬದಲಿಸಬೇಕು. ಇದು ಅವರ ಕ್ರಮ.

ಕೊನೆಯ ವರ್ಷಗಳಲ್ಲಿ ಅವರು ತಮ್ಮ ವೃತ್ತಿಯ ಆರಂಭದ ಕ್ಷೇತ್ರಕ್ಕೇ, ಜಲವಿದ್ಯುತ್ತಿಗೇ, ಮರಳಿದಂತಾಯಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಬೆಟ್ಟಗಳ ನಡುವೆ ವಿದ್ಯುತ್ ಯೋಜನೆಗಳು ಏಳುತ್ತಿದ್ದವು. ಒಳ್ಳೆಯ ಬಂಡೆ ಸಿಗುವ ಸ್ಥಳಗಳು ವಿರಳ. ಚಿಯಾಕಮಸ್ ನದಿಯ ಅಣೆಕಟ್ಟನ್ನು ಹಳೆಯ ಭೂಕುಸಿತದ ರಾಶಿಯ ಮೇಲೆಯೇ ಕಟ್ಟಬೇಕಾಯಿತು. ಬ್ರಿಡ್ಜ್ ನದಿಯ ಮಿಷನ್ ಅಣೆಕಟ್ಟಿನ ಅಡಿಯಲ್ಲಂತೂ ಮೆತ್ತನೆಯ, ಇಳಿಯುವ ಜೇಡಿಯ ಪದರವಿತ್ತು. ಇಳಿತವನ್ನು ತಡೆಯಲಾಗದು ಎಂದು ತಿಳಿದಾಗ ಅವರು ಇಳಿದರೂ ಬಿರಿಯದಂಥ ಅಣೆಕಟ್ಟನ್ನು ಯೋಚಿಸಿದರು. ಮಣ್ಣು ಮತ್ತು ಕಲ್ಲಿನಿಂದ ಕಟ್ಟಿದ, ಸುಮಾರು 60 ಮೀಟರ್ ಎತ್ತರದ ಆ ಅಣೆಕಟ್ಟು 1960ರಲ್ಲಿ ಪೂರ್ಣಗೊಂಡಿತು.

ಎಲ್ಲ ಕಡೆಯೂ ಅವರ ಮಾತು ನಡೆಯಿತೆಂದಲ್ಲ. ಈಜಿಪ್ಟಿನ ಆಸ್ವಾನ್ ಮಹಾ ಅಣೆಕಟ್ಟಿನ ಸಲಹಾ ಮಂಡಳಿಗೆ 1954ರಲ್ಲಿ ಅಧ್ಯಕ್ಷರಾಗಿದ್ದ ಅವರು, ಯೋಜನೆಯನ್ನು ವಹಿಸಿಕೊಂಡ ಸೋವಿಯತ್ ಇಂಜಿನಿಯರುಗಳೊಡನೆ ಭಿನ್ನಾಭಿಪ್ರಾಯ ಬಂದಾಗ 1959ರಲ್ಲಿ ಆ ಸ್ಥಾನವನ್ನು ತೊರೆದರು. ತಮಗೆ ಒಪ್ಪಿಗೆಯಾಗದ ವಿನ್ಯಾಸಕ್ಕೆ ಹೆಸರು ಕೊಡಲು ಅವರು ಸಿದ್ಧರಿರಲಿಲ್ಲ.

1963ರ ಅಕ್ಟೋಬರ್ 25ರಂದು, ಎಂಬತ್ತು ತುಂಬಿದ ಕೆಲವೇ ವಾರಗಳಲ್ಲಿ, ಮ್ಯಾಸಚೂಸೆಟ್ಸ್‌ನ ವಿಂಚೆಸ್ಟರಿನ ತಮ್ಮ ಮನೆಯಲ್ಲಿ ಅವರು ನಿಧನರಾದರು. ಮಿಷನ್ ಅಣೆಕಟ್ಟನ್ನು ಕುರಿತು ಲ್ಯಾಕ್ರ್ವಾ ಎಂಬ ಇಂಜಿನಿಯರರೊಡನೆ ಸೇರಿ ಬರೆದ ಲೇಖನ ಮರುವರ್ಷ ಪ್ರಕಟವಾಯಿತು. 1965ರಲ್ಲಿ ಆ ಅಣೆಕಟ್ಟಿಗೆ ಟೆರ್ಜಾಗಿ ಅಣೆಕಟ್ಟು ಎಂದು ಮರುನಾಮಕರಣವಾಯಿತು.

ನಮ್ಮ ಮಕ್ಕಳಿಗಾಗಿ

ಈ ಜೀವನದಿಂದ ಸುಲಭದ ಸಮಾಧಾನವನ್ನು ನಾವು ಪಡೆಯಬಾರದು. ಟೆರ್ಜಾಗಿಯವರ ಜರ್ಮನ್ ಆ ಕಾಲಕ್ಕೆ ವಿಜ್ಞಾನದ ಪ್ರಬಲ ಭಾಷೆಯಾಗಿತ್ತು. ಅದಕ್ಕೆ ವಿಶ್ವವಿದ್ಯಾಲಯಗಳಿದ್ದವು, ಪ್ರಕಾಶಕರಿದ್ದರು. ನಮ್ಮ ಕನ್ನಡಕ್ಕೆ, ಅದರಲ್ಲೂ ಗಡಿಯಾಚೆಯ ಕನ್ನಡಕ್ಕೆ, ಅಷ್ಟು ಬೆಂಬಲವಿಲ್ಲ. ಪಠ್ಯಪುಸ್ತಕ ತಡವಾಗಿ ಬರುವುದು, ವಿಜ್ಞಾನ ಅಧ್ಯಾಪಕರ ಹುದ್ದೆ ಖಾಲಿ ಉಳಿಯುವುದು ನಮ್ಮಲ್ಲಿ ಹೊಸ ಸಂಗತಿಯಲ್ಲ. ಅವುಗಳಿಗಾಗಿ ನಾವು ಕೇಳುತ್ತಲೇ ಇರಬೇಕು. ಮಗುವಿಗೆ ಇಂಗ್ಲಿಷನ್ನೂ ಆಯಾ ರಾಜ್ಯದ ಭಾಷೆಯನ್ನೂ ಚೆನ್ನಾಗಿ ಕಲಿಸುವ ಹೊಣೆಯಿಂದಲೂ ನಾವು ನುಣುಚಿಕೊಳ್ಳುವಂತಿಲ್ಲ. ಟೆರ್ಜಾಗಿಯವರೂ ಬೇಕಾದಾಗ ಬೇಕಾದ ಭಾಷೆಯನ್ನು ಕಲಿತರು.

ಆದರೆ ಎರಡು ಸಂಗತಿಗಳು ನಿಜವಾಗಿಯೇ ಉಳಿಯುತ್ತವೆ. ಮೊದಲನೆಯದು, ಅವರು ಇತರ ಭಾಷೆಗಳನ್ನು ತಮ್ಮ ಭಾಷೆಗೆ ಸೇರಿಸಿಕೊಂಡರೇ ಹೊರತು ಅದರ ಜಾಗದಲ್ಲಿ ಇಡಲಿಲ್ಲ. ಎರಡನೆಯದು, ಅವರ ಕೈಯಲ್ಲಿದ್ದ ಸಲಕರಣೆ ನಮ್ಮ ಶಾಲೆಗಳಲ್ಲಿ ಇರುವುದಕ್ಕಿಂತ ಹೆಚ್ಚಿನದೇನೂ ಆಗಿರಲಿಲ್ಲ. ಹೆಚ್ಚಿನದಾಗಿದ್ದದ್ದು ಅವರ ಪ್ರಶ್ನೆ. ಎಲ್ಲರೂ ಹೆಸರಿಟ್ಟು ಸುಮ್ಮನಾದ ಕಡೆ ಅವರು ಅಳೆದು ನೋಡಿದರು.

ಸೊಲ್ಲಾಪುರ, ಅಕ್ಕಲಕೋಟೆ, ಆದೋನಿಗಳ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವುದನ್ನು ಅಲ್ಲಿನ ಮಕ್ಕಳು ದಿನವೂ ಕಾಣುತ್ತಾರೆ. ಮನೆಯ ಗೋಡೆ ಸೀಳುವುದನ್ನೂ ಕಾಣುತ್ತಾರೆ. ಕಾಸರಗೋಡಿನ ಮಕ್ಕಳಿಗೆ ಮುರಕಲ್ಲಿನ ಗುಡ್ಡ ಗೊತ್ತು. ಎರಡು ಗಾಜಿನ ಲೋಟ, ಒಂದರಲ್ಲಿ ಮರಳು, ಇನ್ನೊಂದರಲ್ಲಿ ಎರೆಮಣ್ಣು, ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ ಸಾಕು. ನೀರು ಹಾಕಿ, ಎಷ್ಟು ಉಬ್ಬಿತು, ಎಷ್ಟು ದಿನದಲ್ಲಿ ಒಣಗಿತು ಎಂದು ಮಗು ದಿನವೂ ಬರೆದಿಡಲಿ, ಕನ್ನಡದಲ್ಲಿ. ಟಿ.ಸಿ.ಗೆ ಅರ್ಜಿ ಬರೆಯುವ ಮುನ್ನ ಒಂದು ತಿಂಗಳು ಆ ನೋಟುಪುಸ್ತಕವನ್ನು ನೋಡಿರಿ. ನಿಮ್ಮ ಮಗುವಿಗೆ ವಿಜ್ಞಾನ ಒಲಿದಿದೆಯೇ ಇಲ್ಲವೇ ಎಂಬುದನ್ನು ಅದರಲ್ಲಿಯೇ ಕಾಣುವಿರಿ.